ಹಳೇ ಕಾರು, ಬೆಳಿಗ್ಗೆ ತಣ್ಣಗಿದ್ದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳೀದೆ ನಿಂತಲ್ಲೇ ಓಡುವಾಗ) ನಡುಗುತ್ತೆ, ಬಿಸಿ ಆದ್ಮೇಲೆ ಏನೂ ಇಲ್ಲ

ಹಳೇಗಾಡಿ_ಮೋಹ:
ನಮಸ್ಕಾರ ಎಲ್ರಿಗೂ. ಗಾಡಿ ಸುಮಾರು ಇಪ್ಪತ್ತು ವರ್ಷದ್ದು, ನಾಲ್ಕು ಸಿಲಿಂಡರ್ ಪೆಟ್ರೋಲ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸೋ ಒಂದೊಂದು ಇಂಜೆಕ್ಟರ್), ಮ್ಯಾನುವಲ್ ಗೇರು. ತೊಂದ್ರೆ ಏನಪ್ಪಾ ಅಂದ್ರೆ ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಮೊದಲ ಸಲ ಕೀ ತಿರುಗಿಸ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, ಆರ್‌ಪಿಎಂ 1300ಕ್ಕೆ ಹೋಗುತ್ತೆ, ಅಲ್ಲಿಂದ ಎರಡು ಮೂರು ಸೆಕೆಂಡಿಗೇ ನಡುಕ ಶುರು. ಮುಳ್ಳು 900ಕ್ಕೂ 1200ಕ್ಕೂ ಮಧ್ಯ ಓಲಾಡ್ತಾ ಇರುತ್ತೆ, ಸೀಟು ಸ್ಟೀರಿಂಗು ಎಲ್ಲಾ ಅಲ್ಲಾಡುತ್ತೆ, ಸೈಲೆನ್ಸರ್ ಹತ್ರ ಕೈ ಹಿಡಿದ್ರೆ ಹೊಗೆ ಒಂದೇ ಸಮ ಬರಲ್ಲ, ಪುಸ್ ಪುಸ್ ಅಂತ ಮಧ್ಯೆ ಮಧ್ಯೆ ತಪ್ಪುತ್ತೆ. ಟೆಂಪರೇಚರ್ ಮುಳ್ಳು ಮೇಲೇಳೋ ಹೊತ್ತಿಗೆ ಎಲ್ಲಾ ಸರಿಹೋಗಿ 800ಕ್ಕೆ ಕೂತ್ಕೊಳ್ಳುತ್ತೆ, ಆಮೇಲೆ ದಿನವಿಡೀ ಓಡಿಸಿದ್ರೂ ಒಂದು ಜರ್ಕ್ ಇಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಕ್ಲೀನ್ ಆಗಿದೆ. ಚೆಕ್ ಎಂಜಿನ್ ಲೈಟ್ ಹತ್ತಿಲ್ಲ. ಮೆಕ್ಯಾನಿಕ್ ಹತ್ರ ಹೋಗೋ ಅಷ್ಟ್ರಲ್ಲಿ ಗಾಡಿ ಬಿಸಿ ಆಗಿರುತ್ತೆ, ಅವ್ರು ಬಾನೆಟ್ ಎತ್ತಿ ನೋಡಿ ಚೆನ್ನಾಗೇ ಇದ್ಯಲ್ಲಾ ಅಂತಾರೆ. ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಸೈಲೆನ್ಸರ್_ಸ್ವಾಮಿ:
ಇಂಜೆಕ್ಟರ್ ಕ್ಲೀನರ್ ಒಂದು ಬಾಟ್ಲು ಟ್ಯಾಂಕಿಗೆ ಹಾಕಿ ಹೈವೇಲಿ ಒಂದ್ಸಲ ಎಳೆದು ಬನ್ನಿ ಬ್ರೋ. ಅದಕ್ಕೂ ಹೋಗ್ಲಿಲ್ಲ ಅಂದ್ರೆ ಐಡಲ್ ವಾಲ್ವ್ ಬದಲಾಯ್ಸಿ. ನನ್ ಗಾಡೀಲಿ ಅದೇ ಆಗಿತ್ತು.

ಹತ್ತರ_ಸ್ಪ್ಯಾನರ್:
ಸ್ವಾಮಿಗಳೇ, ನಿಮ್ ಗಾಡೀಲಿ ಅದಾಗಿತ್ತು ಸರಿ, ಆದ್ರೆ ಐಡಲ್ ವಾಲ್ವ್ ಕಚ್ಕೊಂಡ್ರೆ ಸಾಮಾನ್ಯವಾಗಿ ಆರ್‌ಪಿಎಂ ಏರೋದೇ ಇಲ್ಲ, ಇಲ್ಲಾ ಏರಿದ್ದು ಇಳಿಯೋದಿಲ್ಲ. ಇವ್ರ ಗಾಡಿ 1300ಕ್ಕೆ ಹೋಗ್ತಾ ಇದೆ, ಅಂದ್ರೆ ತಣ್ಣಗಿದ್ದಾಗ ಜಾಸ್ತಿ ಗಾಳಿ ಬಿಡೋ ಕೆಲಸ ಅದು ಮಾಡ್ತಾ ಇದೆ. ಸೈಲೆನ್ಸರ್‌ನಲ್ಲಿ ಪುಸ್ ಪುಸ್ ಅಂತ ತಪ್ಪೋದು ಅಂದ್ರೆ ಯಾವುದೋ ಸಿಲಿಂಡರು ಉರೀತಾ ಇಲ್ಲ, ಮಿಸ್‌ಫೈರ್. ವಾಲ್ವ್ ತಂದು ಹಾಕೋಕೆ ಮುಂಚೆ ಒಂದು ವಿಷ್ಯ ಯೋಚ್ನೆ ಮಾಡಿ, ತಣ್ಣಗಿರೋ ಎಂಜಿನ್ನಿಗೂ ಬಿಸಿ ಆಗಿರೋ ಎಂಜಿನ್ನಿಗೂ ಏನು ವ್ಯತ್ಯಾಸ ಅಂತ. ಆ ವ್ಯತ್ಯಾಸದ ಒಳಗೇ ನಿಮ್ಮ ಕಂಪ್ಲೇಂಟ್ ಕೂತಿರುತ್ತೆ, ಬೇರೆಲ್ಲೂ ಹೋಗಲ್ಲ.

ಮೊದಲನೇದು ಪೆಟ್ರೋಲ್. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ), ವಾಲ್ವಿನ ಹಿಂಭಾಗ ಎಲ್ಲಾ ತಣ್ಣಗಿದ್ದಾಗ ಇಂಜೆಕ್ಟರ್ ಚಿಮ್ಮಿಸಿದ್ದು ಪೂರ್ತಿ ಆವಿ ಆಗಲ್ಲ, ಸ್ವಲ್ಪ ಗೋಡೆಗೆ ಅಂಟ್ಕೊಂಡು ಅಲ್ಲೇ ಉಳಿಯುತ್ತೆ. ಅದಕ್ಕೇ ಈಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡ್ಕೊಂಡು ಜಾಸ್ತಿ ಪೆಟ್ರೋಲ್ ಕೊಡುತ್ತೆ, ಹಳೇ ಗಾಡೀಲಿ ಚೋಕ್ ಮಾಡ್ತಿದ್ದ ಕೆಲಸವೇ ಇದು. ಆ ಸೆನ್ಸರ್ ಸುಳ್ಳು ಹೇಳಿದ್ರೆ ಇಡೀ ಲೆಕ್ಕವೇ ತಪ್ಪು.

ಎರಡನೇದು ಆಕ್ಸಿಜನ್ ಸೆನ್ಸರ್, ಸೈಲೆನ್ಸರ್ ಪೈಪಲ್ಲಿ ಕೂತು ಹೊಗೇಲಿ ಆಕ್ಸಿಜನ್ ಎಷ್ಟಿದೆ ನೋಡೋದು. ಅದು ಸುಮಾರು 300 ಡಿಗ್ರಿ ಮುಟ್ಟೋ ತನಕ ಕೆಲಸ ಮಾಡಲ್ಲ. ಅಲ್ಲೀತನಕ ಈಸಿಯು ಕಣ್ಣು ಮುಚ್ಕೊಂಡು, ಒಳಗೆ ಬರೆದಿಟ್ಟ ಟೇಬಲ್ ಪ್ರಕಾರ ಪೆಟ್ರೋಲ್ ಕೊಡ್ತಿರುತ್ತೆ, ಓಪನ್ ಲೂಪ್ ಅಂತಾರಲ್ಲ ಅದು. ಸೆನ್ಸರ್ ಎದ್ದ ಮೇಲೆ ಕಡಿಮೆ ಬಿದ್ದಿದ್ದನ್ನ ತುಂಬಿಸ್ಕೊಳ್ಳುತ್ತೆ. ಅಂದ್ರೆ ಬಿಸಿ ಆದ್ಮೇಲೆ ಸರಿ ಹೋಗೋ ನಡುಕ ನಿಜವಾಗಿ ಸರಿ ಹೋಗಿರ್ಬೇಕು ಅಂತೇನಿಲ್ಲ, ತೂತು ಹಾಗೇ ಇರುತ್ತೆ, ಈಸಿಯು ಮೇಲೆ ತೇಪೆ ಹಾಕಿರುತ್ತೆ ಅಷ್ಟೆ.

ಮೂರನೇದು ರಬ್ಬರು ಮತ್ತೆ ಗ್ಯಾಸ್ಕೆಟ್. ಇಪ್ಪತ್ತು ವರ್ಷದ ಗಾಡೀಲಿ ನನಗೆ ಮೊದಲ ಅನುಮಾನ ಯಾವಾಗ್ಲೂ ಇದರ ಮೇಲೇ. ತಣ್ಣಗಿದ್ದಾಗ ಕುಗ್ಗಿ ಗಟ್ಟಿಯಾಗಿರುತ್ತೆ, ಸಂದಿಯಿಂದ ಗಾಳಿ ಎಳ್ಕೊಳ್ಳುತ್ತೆ, ಬಿಸಿ ಆದಾಗ ಹಿಗ್ಗಿ ಮುಚ್ಕೊಳ್ಳುತ್ತೆ.

ಹಾಗಾಗಿ ಮಾಡ್ಬೇಕಾದ್ದು ಇಷ್ಟು. ಒಂದು ಓಬಿಡಿ ಅಡಾಪ್ಟರ್ (ಈಸಿಯು ಒಳಗಿನ ಡೇಟಾ ಓದೋ ಸಾಧನ) ಇಟ್ಕೊಳ್ಳಿ, ಬೆಳಿಗ್ಗೆ ಸ್ಟಾರ್ಟ್ ಮಾಡೋಕ್ ಮುಂಚೆ, ಬರೀ ಕೀ ಆನ್ ಮಾಡಿ ಕೂಲೆಂಟ್ ಟೆಂಪರೇಚರ್ ಎಷ್ಟು ತೋರ್ಸುತ್ತೆ, ಒಳಗೆ ಬರೋ ಗಾಳಿ ಟೆಂಪರೇಚರ್ ಎಷ್ಟು ತೋರ್ಸುತ್ತೆ ನೋಡಿ. ರಾತ್ರಿಯೆಲ್ಲಾ ನಿಂತ ಗಾಡೀಲಿ ಎರಡೂ ಹೆಚ್ಚು ಕಡಿಮೆ ಒಂದೇ ಇರ್ಬೇಕು, ಎರಡು ಮೂರು ಡಿಗ್ರಿ ಆಚೀಚೆ. ಆಮೇಲೆ ಸ್ಟಾರ್ಟ್ ಮಾಡಿ, ಫ್ಯುಯಲ್ ಟ್ರಿಮ್ (ಈಸಿಯು ಪೆಟ್ರೋಲನ್ನ ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡ್ತಿದೆ ಅನ್ನೋದು) ಶಾರ್ಟ್, ಅಂದ್ರೆ ಆ ಕ್ಷಣದ್ದು, ಮತ್ತು ಲಾಂಗ್, ಅಂದ್ರೆ ಕಲಿತು ಇಟ್ಕೊಂಡಿದ್ದು, ಎರಡೂ ಬರ್ಕೊಳ್ಳಿ, ಐಡಲ್‌ನಲ್ಲಿ ಒಂದು ಸಲ, ಬಿಸಿ ಆದ್ಮೇಲೆ 2500ರಲ್ಲಿ ಹಿಡಿದು ಒಂದು ಸಲ. ಪೆಂಡಿಂಗ್ ಕೋಡ್ (ಈಸಿಯು ಗುರುತು ಹಾಕ್ಕೊಂಡಿರೋ ದೋಷದ ನಂಬರ್) ಇದ್ಯಾ ಅಂತಾನೂ ನೋಡಿ, ಲೈಟ್ ಹತ್ತದೇ ಇದ್ರೂ ಒಳಗೆ ಇರಬಹುದು. ಮತ್ತೆ ಗಾಡೀಲಿ ಮ್ಯಾಫ್ ಸೆನ್ಸರ್ (ಒಳಗೆ ಹೋಗೋ ಗಾಳಿ ಅಳೆಯೋದು) ಇದ್ಯಾ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಪ್ರೆಶರ್ ಅಳೆಯೋದು) ಇದ್ಯಾ ಹೇಳಿ, ಅದು ಗೊತ್ತಿಲ್ದೆ ಟ್ರಿಮ್ ನೋಡಿ ಪ್ರಯೋಜನ ಇಲ್ಲ.

ಎಣ್ಣೀ_ಕೈ:
ಸ್ಪ್ಯಾನರ್ ಅಣ್ಣಾ ಹೇಳಿದ್ದು ಬರೋಬ್ಬರಿ ಐತಿ. ಆದ್ರ ಒಂದು ಮಾತು, ಟ್ಯಾಪೆಟ್ ಸೆಟ್ಟಿಂಗ್, ಅಂದ್ರ ವಾಲ್ವ್ ಗ್ಯಾಪ್ ಹೊಂದಿಸೂದು, ಯಾವಾಗ ಮಾಡಿಸೀರಿ? ಕೆಲವೊಂದು ಎಂಜಿನ್ನದಾಗ ತಣ್ಣಗಿದ್ದಾಗ ಗ್ಯಾಪ್ ಕಡಿಮಿ, ಬಿಸಿ ಆದಮ್ಯಾಲೆ ಜಾಸ್ತಿ ಆಗತೈತಿ, ಅಲ್ಯುಮಿನಿಯಂ ಹೆಡ್ ಹಿಗ್ಗತೈತಲ್ಲ. ಎಕ್ಸಾಸ್ಟ್ ವಾಲ್ವ್ ಭಾಳ ಟೈಟ್ ಆಗಿದ್ರ ತಣ್ಣಗಿದ್ದಾಗ ಪೂರಾ ಮುಚ್ಚೂದಿಲ್ಲ, ಕಂಪ್ರೆಷನ್ ಹೊರಗ ಹೊಕ್ಕತಿ, ನಡುಗತೈತಿ. ಬಿಸಿ ಆಗಿ ಗ್ಯಾಪ್ ಬಂದ ಕೂಡ್ಲೆ ಗಪ್ ಆಗತೈತಿ. ಗ್ಯಾಸ್ ಕಿಟ್ ಹಾಕ್ಸಿದ ಗಾಡಿ ಇದ್ರಂತೂ ಇದನ್ನ ಮೊದಲ ನೋಡ್ರಿ, ಗ್ಯಾಸ್‌ನ್ಯಾಗ ಓಡಿ ಓಡಿ ವಾಲ್ವ್ ಸೀಟ್ ಸವದು ವಾಲ್ವ್ ಮ್ಯಾಲಕ್ಕ ಕುಂದ್ರತೈತಿ, ಗ್ಯಾಪ್ ತಾನ ಕಡಿಮಿ ಆಗಕೋಂತ ಹೊಕ್ಕತಿ. ಟಕ್ ಟಕ್ ಸೌಂಡ್ ಇಲ್ಲ ಅಂದ್ರ ಚಲೋ ಐತಿ ಅಂತ ತಿಳ್ಕೋಬ್ಯಾಡ್ರಿ, ಟೈಟ್ ಇರೋ ವಾಲ್ವ್ ಸೌಂಡ್ ಮಾಡೂದಿಲ್ಲ.

ಗ್ಯಾಸ್ಕೆಟ್_ಮಾಮ:
ಕೂಲೆಂಟ್ ಕಡಿಮೆ ಆಗ್ತಾ ಉಂಟಾ ನೋಡಿ ಮಾರ್ರೆ. ಹೆಡ್ ಗ್ಯಾಸ್ಕೆಟ್ ಸಣ್ಣಕ್ಕೆ ಬಿಟ್ಟಿದ್ರೆ ರಾತ್ರಿ ಒಂದು ಸಿಲಿಂಡರಿಗೆ ನೀರು ಜಿನುಗಿ ಇಳಿದಿರ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಆ ಸಿಲಿಂಡರ್ ಉರಿಯುವುದಿಲ್ಲ, ಸ್ವಲ್ಪ ಹೊತ್ತಲ್ಲಿ ಒಣಗಿ ಸರಿಯಾಗ್ತದೆ. ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ ಇರ್ತದೆ. ಚಳಿಗೆ ಬರುವ ಆವಿಗೆ ವಾಸನೆ ಇಲ್ಲ, ಅದನ್ನು ನೋಡಿ ಹೆದರುವುದು ಬೇಡ. ಪ್ಲಗ್ ತೆಗೆದು ನೋಡುವಾಗ ನಾಲ್ಕರಲ್ಲಿ ಒಂದು ಮಾತ್ರ ತೊಳೆದ ಹಾಗೆ ಕ್ಲೀನ್ ಉಂಟು ಅಂದ್ರೆ ಅಲ್ಲಿ ನೀರು ಹೋಗ್ತಾ ಉಂಟು ಅಂತ ಲೆಕ್ಕ.

ಚೋಕ್_ಎಳಿ:
ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ, ನಂದು ಇನ್ನೂ ಹಳೇದು, ಕಾರ್ಬುರೇಟರ್ ಗಾಡಿ, ಕೈಯಲ್ಲಿ ಎಳೆಯೋ ಚೋಕು. ನಂಗೂ ಇದೇ ತೊಂದ್ರೆ, ಚೋಕ್ ಪೂರ್ತಿ ಎಳೆದ್ರೂ ಬೆಳಿಗ್ಗೆ ನಡುಗಿ ಆಫ್ ಆಗುತ್ತೆ, ಕಾಲಲ್ಲಿ ಆಕ್ಸಿಲರೇಟರ್ ಹಿಡ್ಕೊಂಡೇ ಕೂರ್ಬೇಕು. ಓಬಿಡಿ ಗೀಬಿಡಿ ಏನೂ ಇಲ್ಲ. ನಾನೆಲ್ಲಿಂದ ಶುರು ಮಾಡ್ಲಿ?

ಹತ್ತರ_ಸ್ಪ್ಯಾನರ್:
@ಚೋಕ್_ಎಳಿ ನಿಮ್ಗೆ ಇವ್ರಿಗಿಂತ ಸುಲಭ ಇದೆ ಬಿಡಿ, ಎಲ್ಲಾ ಕಣ್ಣಿಗೇ ಕಾಣುತ್ತೆ. ಏರ್ ಫಿಲ್ಟರ್ ಮುಚ್ಚಳ ತೆಗೀರಿ, ಇನ್ನೊಬ್ರಿಗೆ ಒಳಗೆ ಕೂತು ನಾಬ್ ಎಳೆಯೋಕೆ ಹೇಳಿ, ನೀವು ಕಾರ್ಬುರೇಟರ್ ಬಾಯಲ್ಲಿರೋ ಫ್ಲಾಪ್ ನೋಡಿ. ಪೂರ್ತಿ ಎಳೆದಾಗ ಪೂರ್ತಿ ಮುಚ್ಬೇಕು. ಅರ್ಧಕ್ಕೇ ನಿಂತ್ರೆ ಕೇಬಲ್. ಅದು ಸರಿ ಇದ್ರೆ ಆಮೇಲೆ ಸ್ಲೋ ಜೆಟ್, ಫ್ಲೋಟ್ ಲೆವೆಲ್, ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್.

@ಎಣ್ಣೀ_ಕೈ ಟ್ಯಾಪೆಟ್ ಮಾತು ಒಪ್ಪಿದೆ, ಆದ್ರೆ ಮೊದಲು ಡೇಟಾ ಬರ್ಲಿ.

ಹಳೇಗಾಡಿ_ಮೋಹ:
ಗ್ಯಾಸ್ ಕಿಟ್ ಇಲ್ಲ. ಕೂಲೆಂಟ್ ಲೆವೆಲ್ ಗೆರೆ ಮೇಲೇ ಇದೆ, ಇಳಿದಿಲ್ಲ, ಬಿಳಿ ಹೊಗೆ ಇಲ್ಲ. ಟ್ಯಾಪೆಟ್ ಈ ಎಂಜಿನ್ನಲ್ಲಿ ಹೈಡ್ರಾಲಿಕ್ ಅಂತೆ, ಸೆಟ್ಟಿಂಗೇ ಇಲ್ಲ ಅಂದ್ರು. ಗಾಡೀಲಿ ಮ್ಯಾಫ್ ಸೆನ್ಸರ್ ಇದೆ, ಏರ್ ಫಿಲ್ಟರ್ ಡಬ್ಬ ದಾಟಿದ ತಕ್ಷಣ ಪೈಪಲ್ಲಿ ಕೂತಿದೆ.

ಡೇಟಾ ಇಲ್ಲಿದೆ. ಕೀ ಆನ್ ಮಾತ್ರ, ಸ್ಟಾರ್ಟ್ ಮಾಡಿಲ್ಲ: ಕೂಲೆಂಟ್ 19, ಗಾಳಿ 20. ಸ್ಟಾರ್ಟ್ ಆದ ತಕ್ಷಣ ಶಾರ್ಟ್ ಟ್ರಿಮ್ 0, ಅಲುಗಾಡೋದೇ ಇಲ್ಲ. ಒಂದೆರಡು ನಿಮಿಷ ಆದ್ಮೇಲೆ ಓಪನ್ ಲೂಪ್ ಹೋಗಿ ಕ್ಲೋಸ್ಡ್ ಅಂತ ತೋರಿಸ್ತು, ಆಗ ಶಾರ್ಟ್ +11, ಲಾಂಗ್ +8. ಫ್ಯಾನ್ ತಿರುಗೋ ಅಷ್ಟು ಬಿಸಿ ಆದ್ಮೇಲೆ ಐಡಲ್‌ನಲ್ಲಿ ಶಾರ್ಟ್ 0 ಆಸುಪಾಸು, ಲಾಂಗ್ +8. 2500ರಲ್ಲಿ ಹಿಡಿದ್ರೆ ಶಾರ್ಟ್ +1, ಲಾಂಗ್ +2. ಪೆಂಡಿಂಗ್‌ನಲ್ಲಿ ಒಂದು ಕೋಡ್ ಇತ್ತು, ಪಿ0304.

ಹತ್ತರ_ಸ್ಪ್ಯಾನರ್:
ಸಕತ್. ಈಗ ಮಾತಾಡೋಕೆ ಏನೋ ಸಿಕ್ತು.

ಕೂಲೆಂಟ್ ಸೆನ್ಸರ್ ತಣ್ಣಗಿದ್ದಾಗ ಸರಿಯಾಗೇ ಹೇಳ್ತಿದೆ, ಅದನ್ನ ಪಟ್ಟಿಯಿಂದ ಹೊಡೆದು ಹಾಕಿ. ಟ್ರಿಮ್ ಪ್ಲಸ್ ಅಂದ್ರೆ ಈಸಿಯು ಪೆಟ್ರೋಲ್ ಸೇರಿಸ್ತಾ ಇದೆ, ಅಂದ್ರೆ ಅದಕ್ಕೆ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಕಾಣಿಸ್ತಿದೆ. ಶಾರ್ಟ್ ಲಾಂಗ್ ಕೂಡಿಸಿದ್ರೆ ಅರೆತಣ್ಣಗಿದ್ದಾಗ +19, ಬಿಸಿ ಆದಾಗ +8, 2500ರಲ್ಲಿ +3. ಈ ಮೂರು ನಂಬರ್ ಸಾಲಾಗಿ ಓದಿ. ಪೆಟ್ರೋಲ್ ಪಂಪ್ ವೀಕ್ ಆಗಿದ್ರೆ, ಫಿಲ್ಟರ್ ಕಟ್ಟಿದ್ರೆ ಉಲ್ಟಾ ಆಗ್ಬೇಕಿತ್ತು, ರೇಸ್ ಕೊಟ್ಟಷ್ಟೂ ಪೆಟ್ರೋಲ್ ಸಾಲ್ದೆ ಟ್ರಿಮ್ ಏರ್ಬೇಕಿತ್ತು. ಇಲ್ಲಿ ಐಡಲ್‌ನಲ್ಲಿ ಜಾಸ್ತಿ, ರೇಸ್‌ನಲ್ಲಿ ಕಡಿಮೆ. ಕಳ್ಳಗಾಳಿಯ ಗುರುತೇ ಇದು. ಐಡಲ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತೆ, ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರು, ಒಟ್ಟು ಗಾಳಿ ಕಡಿಮೆ, ಆಗ ಸಣ್ಣ ಸಂದಿಯಿಂದ ನುಗ್ಗಿದ್ದೂ ದೊಡ್ಡ ಪಾಲಾಗುತ್ತೆ. ಥ್ರಾಟಲ್ ತೆರೆದಾಗ ಎಳೆತ ಕಮ್ಮಿ, ಸರಿ ದಾರೀಲಿ ಬರೋ ಗಾಳಿ ಜಾಸ್ತಿ, ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ. ಮ್ಯಾಫ್ ಇರೋ ಗಾಡಿ ಆದ್ದರಿಂದ ಆ ಗಾಳಿ ಸೆನ್ಸರ್ ದಾಟದೇ ಒಳಗೆ ಬರ್ತಾ ಇದೆ, ಈಸಿಯುಗೆ ಅದರ ಸುದ್ದಿನೇ ಇಲ್ಲ.

ಪಿ0304 ಅಂದ್ರೆ ನಾಲ್ಕನೇ ಸಿಲಿಂಡರ್ ಮಿಸ್‌ಫೈರ್. ಬ್ರೇಕ್ ಬೂಸ್ಟರ್ ಪೈಪೋ ಪಿಸಿವಿ ಪೈಪೋ (ಎಂಜಿನ್ ಒಳಗಿನ ಆವಿನ ಮ್ಯಾನಿಫೋಲ್ಡ್‌ಗೆ ಒಯ್ಯೋದು) ಒಡೆದಿದ್ರೆ ಗಾಳಿ ನಾಲ್ಕಕ್ಕೂ ಹಂಚಿ ಹೋಗ್ತಿತ್ತು, ಒಂದೇ ಸಿಲಿಂಡರ್ ಮೇಲೆ ದೂರು ಬರ್ತಾ ಇರ್ಲಿಲ್ಲ. ಆದ್ರಿಂದ ನಾಲ್ಕನೇ ಸಿಲಿಂಡರಿನ ಬಾಗಿಲ ಹತ್ರಾನೇ ಹುಡುಕಿ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಲ್ಲಾ ಇಂಜೆಕ್ಟರ್ ಕೆಳಗಿನ ಓ ರಿಂಗ್ (ಸಂದಿ ಮುಚ್ಚೋ ರಬ್ಬರ್ ಬಳೆ). ಆದ್ರೂ ಆತುರ ಬೇಡ, ಮೊದಲು ನಾಲ್ಕನೇ ಕಾಯಿಲ್ (ಪ್ಲಗ್‌ಗೆ ಕರೆಂಟ್ ಕೊಡೋದು), ಪ್ಲಗ್ ತೆಗೆದು ಎರಡನೇದ್ರ ಜೊತೆ ಅದಲು ಬದಲು ಮಾಡಿ, ಮಿಸ್‌ಫೈರ್ ಎರಡಕ್ಕೆ ಬಂದ್ರೆ ಕರೆಂಟಿನ ಕಡೆ ತೊಂದ್ರೆ, ಅಲ್ಲೇ ಉಳಿದ್ರೆ ಗಾಳಿ ಇಲ್ಲಾ ಪೆಟ್ರೋಲ್ ಇಲ್ಲಾ ಕಂಪ್ರೆಷನ್.

ಮ್ಯಾಪ್_ಮಾತ್ರ:
ಇಲ್ಲಿ ಒಂದು ಸೇರಿಸ್ತೀನಿ, ಓದೋರು ಬೇರೆ ಬೇರೆ ಗಾಡಿಯವ್ರು ಇರ್ತಾರೆ. ಮ್ಯಾಫ್ ಇಲ್ದೆ ಬರೀ ಮ್ಯಾಪ್ ಸೆನ್ಸರ್ ಇರೋ ಗಾಡೀಲಿ ಸ್ಪ್ಯಾನರ್ ಅವ್ರು ಹೇಳಿದ ಟ್ರಿಮ್ ಆಟ ಅಷ್ಟು ಸ್ಪಷ್ಟವಾಗಿ ನಡಿಯಲ್ಲ. ಮ್ಯಾನಿಫೋಲ್ಡ್‌ಗೆ ಎಲ್ಲಿಂದ ಗಾಳಿ ಬಂದ್ರೂ ಒಳಗಿನ ಪ್ರೆಶರ್ ಏರುತ್ತೆ, ಮ್ಯಾಪ್ ಅದನ್ನ ನೋಡಿ ಪೆಟ್ರೋಲ್ ಕೊಟ್ಬಿಡುತ್ತೆ, ಹಾಗಾಗಿ ಲೀನ್ ಆಗೋ ಬದ್ಲು ಐಡಲ್ ಮೇಲೇರುತ್ತೆ, ಈಸಿಯು ಐಡಲ್ ವಾಲ್ವ್ ಮುಚ್ಚಿ ಮುಚ್ಚಿ ಇಳಿಸೋಕೆ ಒದ್ದಾಡ್ತಿರುತ್ತೆ. ಟ್ರಿಮ್ ಚೆನ್ನಾಗಿದೆ ಲೀಕ್ ಇಲ್ಲ ಅಂತ ಮ್ಯಾಪ್ ಗಾಡಿಯವ್ರು ನೆಮ್ಮದಿಯಾಗಿ ಕೂರ್ಬೇಡಿ. ಅಲ್ಲಿ ಐಡಲ್‌ನಲ್ಲಿ ಪ್ರೆಶರ್ ಎಷ್ಟಿದೆ ನೋಡಿ, ಸಮುದ್ರಮಟ್ಟದ ಹತ್ತಿರ ಬಿಸಿ ಎಂಜಿನ್ನಲ್ಲಿ ಸಾಮಾನ್ಯವಾಗಿ 30ರಿಂದ 40 ಕಿಲೋಪ್ಯಾಸ್ಕಲ್ ಒಳಗಿರುತ್ತೆ.

ಸೈಲೆನ್ಸರ್_ಸ್ವಾಮಿ:
ಇಷ್ಟೆಲ್ಲಾ ಯಾಕೆ, ಸ್ಟಾರ್ಟ್ ಮಾಡಿ ನಾಲ್ಕೂ ಪ್ಲಗ್ ವೈರ್ ಒಂದೊಂದೇ ಕೀಳಿ, ಯಾವುದು ಕಿತ್ತಾಗ ಆವಾಜ್ ಬದಲಾಗಲ್ವೋ ಅದೇ ಸತ್ತಿರೋದು. ಆಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮ್ಯಾನಿಫೋಲ್ಡ್ ಸುತ್ತ ಹೊಡೀರಿ, ಆರ್‌ಪಿಎಂ ಏರಿದ್ರೆ ಅಲ್ಲೇ ಲೀಕ್. ಹತ್ತು ನಿಮಿಷದ ಕೆಲಸ.

ಎಣ್ಣೀ_ಕೈ:
ಸ್ವಾಮಿ, ವೈರ್ ಕೀಳಾಕ ಹೋಗಬ್ಯಾಡ್ರಿ. ಕರೆಂಟ್ ಹೋಗಾಕ ದಾರಿ ಸಿಗಲಿಲ್ಲ ಅಂದ್ರ ಕಾಯಿಲ್ ಒಳಗ ಸುಟ್ಟು ಹೊಕ್ಕತಿ, ಇಲ್ಲಂದ್ರ ನಿಮ್ಮ ಕೈಯಾಗ ಬರತೈತಿ, ಎರಡೂ ಚಲೋ ಅಲ್ಲ. ಅದೂ ಅಲ್ದ ಉರೀದ ಪೆಟ್ರೋಲ್ ಸೀದಾ ಕ್ಯಾಟ್‌ಗೆ (ಹೊಗಿ ಶುದ್ಧ ಮಾಡೂ ಕ್ಯಾಟಲಿಟಿಕ್ ಕನ್ವರ್ಟರ್) ಹೋಗಿ ಅಲ್ಲಿ ಉರಿಯಾಕ ಹತ್ತತೈತಿ, ಕ್ಯಾಟ್ ಕರಗತೈತಿ. ಇಂಜೆಕ್ಟರ್ ಕನೆಕ್ಟರ್ ಬಿಡಸ್ರಿ, ಪೆಟ್ರೋಲ್ ಹೋಗೂದಿಲ್ಲ, ಅದ ಟೆಸ್ಟು, ಅಪಾಯ ಇಲ್ಲ. ಕಾರ್ಬ್ ಕ್ಲೀನರ್ ಹೊಡಿಯೂದು ನಾನೂ ಮಾಡ್ತಿದ್ದೆ ಮೊದಲ, ಒಮ್ಮೆ ಒಬ್ಬರ ಗ್ಯಾರೇಜ್‌ನ್ಯಾಗ ಸವದ ವೈರಿನ ಕಿಡಿಗೆ ಭಗ್ ಅಂತ ಹತ್ತಿದ್ದು ನೋಡಿದಮ್ಯಾಲೆ ಬಿಟ್ಟೆ. ಸಾಬೂನ್ ನೀರು ಸ್ಪ್ರೇ ಮಾಡ್ರಿ, ಲೀಕ್ ಇದ್ದಲ್ಲಿ ನೀರು ಎಳಕೊಂಡ್ರ ಐಡಲ್ ಒಂದು ಕ್ಷಣ ಬದಲಾಗತೈತಿ. ಕಾಯಿಲ್ ಕನೆಕ್ಟರ್ ಮ್ಯಾಲೆ ಮಾತ್ರ ಹೊಡೀಬ್ಯಾಡ್ರಿ ಮತ್ತ.

ಸೈಲೆನ್ಸರ್_ಸ್ವಾಮಿ:
ನಾನು ಎಷ್ಟೋ ವರ್ಷದಿಂದ ಮಾಡ್ತಿದ್ದೀನಿ, ಏನೂ ಆಗಿಲ್ಲ. ಹೆದರಿಕೆ ಇದ್ದೋರು ಸಾಬೂನು ಹೊಡ್ಕೊಳ್ಳಿ.

ಪರ್ಜ್_ಪುಟ್ಟ:
ಪರ್ಜ್ ವಾಲ್ವ್ ಯಾರೂ ಹೇಳ್ಲೇ ಇಲ್ವಲ್ಲ. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡೋ ಚಾರ್ಕೋಲ್ ಡಬ್ಬದಿಂದ ಮ್ಯಾನಿಫೋಲ್ಡ್‌ಗೆ ಒಂದು ಸಣ್ಣ ಪೈಪ್ ಬಂದಿರುತ್ತೆ, ನಡುವೆ ಸೊಲೆನಾಯ್ಡ್ ವಾಲ್ವ್. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಚಿರ್ಬೇಕು. ತೆರ್ಕೊಂಡೇ ಕಚ್ಕೊಂಡಿದ್ರೆ ಲೆಕ್ಕಕ್ಕಿಲ್ಲದ ಆವಿ, ಗಾಳಿ ಒಳಗೆ ಬರ್ತಾ ಇರುತ್ತೆ. ಪೆಟ್ರೋಲ್ ಫುಲ್ ಟ್ಯಾಂಕ್ ಹಾಕ್ಸಿದ ಕೂಡ್ಲೆ ಸ್ಟಾರ್ಟ್ ಆಗೋಕೆ ಸತಾಯಿಸೋ ಗಾಡಿಗಳಲ್ಲಿ ಬಹಳ ಸಲ ಇದೇ ಕಾರಣ. ಟೆಸ್ಟ್ ಸುಲಭ, ಬೆಳಿಗ್ಗೆ ನಡುಗ್ತಿರೋವಾಗ ಆ ಪೈಪನ್ನ ಮೂತಿ ಅಗಲ ಇರೋ ಇಕ್ಕಳದಲ್ಲಿ ಬಟ್ಟೆ ಇಟ್ಟು ಒತ್ತಿ ಹಿಡೀರಿ. ನಡುಕ ನಿಂತ್ರೆ ಸಿಕ್ತು. ಇಜಿಆರ್ ವಾಲ್ವ್ (ಸೈಲೆನ್ಸರ್ ಹೊಗೆ ಸ್ವಲ್ಪ ಮತ್ತೆ ಎಂಜಿನ್ ಒಳಗೆ ಬಿಡೋದು) ಇರೋ ಗಾಡಿ ಆದ್ರೆ ಅದ್ರ ಒಳಗೆ ಮಸಿ ಸಿಕ್ಕಿ ಪೂರ್ತಿ ಮುಚ್ದೇ ಇದ್ರೂ ಇದೇ ಕಥೆ.

ಹತ್ತರ_ಸ್ಪ್ಯಾನರ್:
ಒಳ್ಳೇ ಪಾಯಿಂಟು. ಒಂದೇ ಸಿಲಿಂಡರ್ ಅನ್ನೋದಕ್ಕೆ ಅಷ್ಟು ಹೊಂದಲ್ಲ, ಆದ್ರೂ ಪೈಪ್ ಒತ್ತಿ ನೋಡೋಕೆ ಕಾಸು ಖರ್ಚಿಲ್ಲ, ಮಾಡ್ಬಿಡಿ.

ಹಳೇಗಾಡಿ_ಮೋಹ:
ಎಲ್ರೂ ಹೇಳಿದ್ದು ಒಂದೊಂದಾಗಿ ಮಾಡ್ದೆ. ಪರ್ಜ್ ಪೈಪ್ ಒತ್ತಿದ್ರೆ ಏನೂ ಬದಲಾವಣೆ ಇಲ್ಲ. ಇಜಿಆರ್ ಈ ಗಾಡೀಲಿಲ್ಲ. ಕಾಯಿಲ್ ಪ್ಲಗ್ ಅದಲು ಬದಲು ಮಾಡಿದ್ಮೇಲೂ ಪಿ0304 ಪಿ0304ಆಗೇ ಬಂತು. ತಣ್ಣಗಿದ್ದಾಗ ಇಂಜೆಕ್ಟರ್ ಕನೆಕ್ಟರ್ ಬಿಡಿಸಿ ನೋಡ್ದೆ, ಒಂದು ಎರಡು ಮೂರು ಬಿಡಿಸಿದ್ರೆ ಎಂಜಿನ್ ಇನ್ನೇನು ನಿಂತೇ ಹೋಯ್ತು ಅನ್ನೋ ಹಾಗೆ ಆಗುತ್ತೆ, ನಾಲ್ಕು ಬಿಡಿಸಿದ್ರೆ ಗೊತ್ತೇ ಆಗಲ್ಲ. ಬಿಸಿ ಆದ್ಮೇಲೆ ನಾಲ್ಕೂ ಒಂದೇ ಥರ. ಕಂಪ್ರೆಷನ್ ನೋಡ್ಸಿದೆ, 12.1, 12, 12.2, 11.9 ಬಾರ್. ನಾಲ್ಕನೇ ಪ್ಲಗ್ ಉಳಿದ ಮೂರಕ್ಕಿಂತ ಸ್ವಲ್ಪ ಬೆಳ್ಳಗಿದೆ, ಒದ್ದೆ ಇಲ್ಲ, ತೊಳೆದ ಹಾಗೂ ಇಲ್ಲ.

ಸಾಬೂನು ನೀರು ಹೊಡೆದಾಗ ಒಂದು ಸಲ ನಡುಕ ಕಮ್ಮಿ ಆದ ಹಾಗನ್ಸುತ್ತೆ, ಇನ್ನೊಂದ್ಸಲ ಏನೂ ಆಗಲ್ಲ, ನಂಗೇ ನಂಬಿಕೆ ಬರ್ಲಿಲ್ಲ. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿ ಎಲ್ಲಿಂದ ಹೊರಗೆ ಬರುತ್ತೆ ನೋಡೋದು) ಮಾಡಿದ್ರು, ಎಲ್ಲೂ ಹೊಗೆ ಬರ್ಲಿಲ್ಲ, ಲೀಕೇ ಇಲ್ಲ ಅಂದ್ರು.

ಹತ್ತರ_ಸ್ಪ್ಯಾನರ್:
ಓಡಿಸ್ಕೊಂಡು ಹೋಗಿ ತಕ್ಷಣ ಸ್ಮೋಕ್ ಬಿಟ್ರಾ? ಬಿಸಿ ಎಂಜಿನ್ನಲ್ಲಿ ಮುಚ್ಕೊಳ್ಳೋ ಸಂದಿಯನ್ನ ಬಿಸಿ ಎಂಜಿನ್ನಲ್ಲಿ ಹುಡುಕಿದ್ರೆ ಹೇಗೆ ಸಿಗುತ್ತೆ ಸರ್! ರಾತ್ರಿ ಗಾಡಿ ಅಲ್ಲೇ ಬಿಟ್ಟು ಬನ್ನಿ, ಬೆಳಿಗ್ಗೆ ಯಾರೂ ಕೀ ಮುಟ್ಟೋ ಮುಂಚೆ ಹೊಗೆ ಬಿಡೋಕೆ ಹೇಳಿ. ಪೈಪ್ ಸೇರಿಸೋ ಜಾಗಾನೂ ನೋಡ್ಕೊಳ್ಳಿ, ಥ್ರಾಟಲ್‌ಗಿಂತ ಒಳಗೆ ಹೋಗ್ಬೇಕು ಹೊಗೆ, ಬ್ರೇಕ್ ಬೂಸ್ಟರ್ ಪೈಪ್ ಬಿಚ್ಚಿ ಅಲ್ಲಿಂದ ಬಿಟ್ರೆ ಒಳ್ಳೇದು. ಏರ್ ಫಿಲ್ಟರ್ ಕಡೆ ಬಾಯಿ ಮುಚ್ಚಿರ್ಬೇಕು. ಟಾರ್ಚ್ ಓರೆಯಾಗಿ ಹಿಡಿದ್ರೆ ಸಣ್ಣ ಎಳೆ ಹೊಗೆನೂ ಕಾಣುತ್ತೆ.

ಪ್ಲಗ್ ಬೆಳ್ಳಗಿದೆ ಅಂದ್ರಲ್ಲ, ಆ ಸಿಲಿಂಡರ್ ಲೀನ್ ಓಡ್ತಿದೆ. ಕಂಪ್ರೆಷನ್ ಚೆನ್ನಾಗಿದೆ, ವಾಲ್ವ್ ಹೆಡ್ ಗ್ಯಾಸ್ಕೆಟ್ ಚಿಂತೆ ಬಿಡಿ. ಉಳಿದಿದ್ದು ಎರಡೇ, ನಾಲ್ಕನೇದಕ್ಕೆ ಗಾಳಿ ಜಾಸ್ತಿ ಇಲ್ಲಾ ಇಂಜೆಕ್ಟರ್ ಅರ್ಧ ಕಟ್ಟಿ ಪೆಟ್ರೋಲ್ ಕಮ್ಮಿ. ಕಟ್ಟಿದ್ದೇ ಆಗಿದ್ರೆ ರೇಸ್‌ನಲ್ಲೂ ಟ್ರಿಮ್ ಮೇಲಿರ್ತಿತ್ತು ಅನ್ನೋದು ನನ್ನ ಲೆಕ್ಕ.

ಹಳೇಗಾಡಿ_ಮೋಹ:
ಸಿಕ್ತು!!

ರಾತ್ರಿ ಗಾಡಿ ಬಿಟ್ಟು ಬೆಳಿಗ್ಗೆ ಗ್ಯಾರೇಜ್ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ನಿಂತೆ. ತಣ್ಣಗಿರೋವಾಗ್ಲೇ ಹೊಗೆ ಬಿಟ್ರು, ಒಂದು ನಿಮಿಷ ಏನೂ ಇಲ್ಲ, ಆಮೇಲೆ ಫ್ಯುಯಲ್ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಪೈಪ್) ಕೆಳಗೆ, ನಾಲ್ಕನೇ ಇಂಜೆಕ್ಟರ್ ಮ್ಯಾನಿಫೋಲ್ಡ್‌ಗೆ ಕೂರೋ ಜಾಗದಲ್ಲಿ ದಾರದಷ್ಟು ಹೊಗೆ ಎದ್ದು ರೈಲಿಗೆ ಸುತ್ಕೊಂಡು ಮೇಲೆ ಹೋಯ್ತು. ಆ ಹುಡುಗ ಇಂಜೆಕ್ಟರನ್ನ ಬೆರಳಲ್ಲಿ ಪಕ್ಕಕ್ಕೆ ಒತ್ತಿದ, ಹೊಗೆ ನಿಂತ್ಹೋಯ್ತು, ಬಿಟ್ಟ, ಮತ್ತೆ ಬಂತು. ಹೆಡ್‌ನ ಆ ಮೂಲೆಗೆ ನೀರೂ ಸರಿಯಾಗಿ ಮುಟ್ಟಲ್ಲ, ಮೇಲೆ ರೈಲು ಅಡ್ಡ ಇದೆ, ಅದಕ್ಕೇ ಸಾಬೂನು ನೀರಲ್ಲಿ ಒಂದ್ಸಲ ಗೊತ್ತಾಗಿ ಇನ್ನೊಂದ್ಸಲ ಗೊತ್ತಾಗದೇ ಇದ್ದಿದ್ದು.

ರೈಲ್ ಬಿಚ್ಚಿ ಇಂಜೆಕ್ಟರ್ ಹೊರಗೆ ತೆಗೆದಾಗ ಕೆಳಗಿನ ಓ ರಿಂಗ್ ನೋಡ್ಬೇಕಿತ್ತು ನೀವು. ದುಂಡಗಿರೋದು ಹೋಗಿ ಹೊರಮೈ ಚಪ್ಪಟೆ ಆಗಿ ಎರಡು ಕಡೆ ಅಂಚು ಮೂಡಿದೆ, ಕರೀ ಹೊಳಪು. ಉಗುರಲ್ಲಿ ಒತ್ತಿದ್ರೆ ಗುರುತೇ ಬೀಳಲ್ಲ. ಬಿಡಿಸಿ ತೆಗೆಯೋಣ ಅಂತ ಸ್ವಲ್ಪ ಎಳೆದ್ರೆ ಬಳೆ ಚೂರಿನ ಹಾಗೆ ಟಕ್ ಅಂತ ಮುರೀತು. ಉಳಿದ ಮೂರೂ ಹೆಚ್ಚು ಕಡಿಮೆ ಅದೇ ಸ್ಥಿತಿ, ಇನ್ನೂ ಸ್ವಲ್ಪ ಜೀವ ಇತ್ತು ಅಷ್ಟೆ.

ಗ್ಯಾಸ್ಕೆಟ್_ಮಾಮ:
ಅಯ್ಯೋ, ಅಷ್ಟು ಸಣ್ಣ ರಬ್ಬರಿಗೆ ಎಷ್ಟು ಕುಣಿಸಿತು ನೋಡಿ. ನಾಲ್ಕಕ್ಕೂ ಮೇಲಿಂದು ಕೆಳಗಿಂದು ಎರಡೂ ಬದಲಾಯಿಸಿ ಮಾರ್ರೆ, ಒಂದೇ ಹಾಕಿದ್ರೆ ಮುಂದಿನ ಚಳಿಗೆ ಇನ್ನೊಂದು ಬಿಡ್ತದೆ. ಸೈಜ್ ಸರಿ ಉಂಟು ಅಂತ ಸಿಕ್ಕಿದ ರಬ್ಬರ್ ಹಾಕಬೇಡಿ. ಮೇಲಿನದ್ದು ಪೆಟ್ರೋಲ್ ಪ್ರೆಶರ್ ತಡೀಬೇಕು, ವೈಟಾನ್ ಅಂತ ಕೇಳಿ ತಗೊಳ್ಳಿ. ಸಾದಾ ರಬ್ಬರ್ ಪೆಟ್ರೋಲಿಗೆ ಉಬ್ಬಿ ಹರೀತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿದ್ರೆ ಮತ್ತೆ ಹೇಳುವುದು ಬೇಡ.

ಹತ್ತರ_ಸ್ಪ್ಯಾನರ್:
ಭೇಷ್. ಮನೇಲಿ ಮಾಡ್ಕೊಳ್ಳೋರಿಗೆ ಎರಡು ಮಾತು, ಯಾಕಂದ್ರೆ ಇದು ಪೆಟ್ರೋಲ್ ಲೈನ್ ಬಿಚ್ಚೋ ಕೆಲಸ. ಈ ಥರ ಗಾಡಿಗಳಲ್ಲಿ ರೈಲ್ ಒಳಗೆ ಸಾಮಾನ್ಯವಾಗಿ 3 ಬಾರ್ ಆಸುಪಾಸು ಪ್ರೆಶರ್ ಇರುತ್ತೆ, ಆಫ್ ಮಾಡಿದ್ಮೇಲೂ ಹಾಗೇ ನಿಂತಿರುತ್ತೆ. ಪಂಪ್ ಫ್ಯೂಸ್ ಕಿತ್ತು ಎಂಜಿನ್ ತಾನಾಗೇ ಆಫ್ ಆಗೋ ತನಕ ಓಡ್ಸಿ, ಬ್ಯಾಟರಿ ಮೈನಸ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಾಗ್ಲಿ, ಆಮೇಲೆ ಬಟ್ಟೆ ಸುತ್ತಿ ಪೈಪ್ ಸಡಿಲ ಮಾಡಿ. ರೈಲ್ ಎತ್ತೋಕೆ ಮುಂಚೆ ಇಂಜೆಕ್ಟರ್ ಸುತ್ತ ಕೂತಿರೋ ಮಣ್ಣು ಧೂಳು ಗಾಳಿ ಹೊಡೆದು ತೆಗೀರಿ, ಇಲ್ಲಾಂದ್ರೆ ಅದೆಲ್ಲಾ ಸೀದಾ ವಾಲ್ವ್ ಮೇಲೆ ಬೀಳುತ್ತೆ. ಹೊಸ ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ ನೆಟ್ಟಗೆ ಒತ್ತಿ ಕೂರ್ಸಿ. ಒಣಗಿದ್ದನ್ನ ಒತ್ತಿದ್ರೆ ರಿಂಗು ತಿರುಚಿಕೊಂಡು ಅಂಚು ಕಚ್ಚಿ ಹರಿಯುತ್ತೆ, ಹಳೇದಕ್ಕಿಂತ ಕಡೆ ಆಗುತ್ತೆ. ಸಿಲಿಕಾನ್ ಗ್ರೀಸ್ ಬೇಡ, ಆಕ್ಸಿಜನ್ ಸೆನ್ಸರಿಗೆ ಆಗಿಬರಲ್ಲ. ಎಲ್ಲಾ ಬಿಗಿ ಮಾಡಿದ್ಮೇಲೆ ಸ್ಟಾರ್ಟ್ ಮಾಡ್ಬೇಡಿ, ಬರೀ ಕೀ ಆನ್ ಆಫ್ ಮಾಡ್ತಾ ಪಂಪ್ ಪ್ರೆಶರ್ ತುಂಬಿಸಿ, ಒಂದೊಂದು ಇಂಜೆಕ್ಟರ್ ಬುಡಕ್ಕೂ ಟಾರ್ಚ್ ಬಿಟ್ಟು ನೋಡಿ, ಹೇಗೂ ಪೆಟ್ರೋಲ್ ಒಸರಿದ್ರೆ ಮೂಗಿಗೇ ಗೊತ್ತಾಗುತ್ತೆ.

ಸೈಲೆನ್ಸರ್_ಸ್ವಾಮಿ:
ಹೊರಗೆ ತೆಗೆದಾಗ್ಲೇ ಇಂಜೆಕ್ಟರ್ ಕ್ಲೀನ್ ಮಾಡ್ಸಿಬಿಡ್ಬೇಕಿತ್ತು. ನಾನು ಮೊದಲೇ ಹೇಳಿದ್ದೆ.

ಹತ್ತರ_ಸ್ಪ್ಯಾನರ್:
ನೀವು ಹೇಳಿದ್ದು ಟ್ಯಾಂಕಿಗೆ ಬಾಟ್ಲು ಹಾಕೋಕೆ 😄 ಆದ್ರೂ ಈ ಮಾತು ಸರಿ ಇದೆ, ಹೊರಗೆ ಬಂದಿದೆ ಅಂದ್ಮೇಲೆ ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡ್ಸಿ ನಾಲ್ಕರ ಸ್ಪ್ರೇ ಒಂದೇ ಸಮ ಇದ್ಯಾ ನೋಡ್ಸೋದು ಒಳ್ಳೇದು.

ಎಣ್ಣೀ_ಕೈ:
ನಾ ಒಪ್ಪೂದಿಲ್ಲ. ಚಲೋ ಓಡೂ ಇಂಜೆಕ್ಟರ್‌ಗೆ ಕೈ ಹಚ್ಚಬಾರದು. 2500ರಾಗ ಟ್ರಿಮ್ +3 ಇತ್ತಲ್ಲ, ಅಂದ್ರ ಪೆಟ್ರೋಲ್ ಬರೋಬ್ಬರಿ ಹೊಂಟೈತಿ.

ಹಳೇಗಾಡಿ_ಮೋಹ:
ಕ್ಲೀನಿಂಗ್ ಮಾಡ್ಸಿಲ್ಲ, ರಿಂಗ್ ಮಾತ್ರ ಎಂಟೂ ಹೊಸದು. ಬ್ಯಾಟರಿ ಬಿಚ್ಚಿದ್ದಕ್ಕೆ ಲಾಂಗ್ ಟ್ರಿಮ್ 0 ಆಗಿತ್ತು, ಮೊದಲ ಸ್ವಲ್ಪ ಹೊತ್ತು ಐಡಲ್ ಮೇಲೆ ಕೆಳಗೆ ಆಡ್ತು, ಗಾಬರಿ ಆಯ್ತು, ಈಸಿಯು ಐಡಲ್ ಮತ್ತೆ ಕಲಿಯೋವರೆಗೂ ಹಾಗೇ ಅಂದ್ರು, ಆಮೇಲೆ ಸರಿ ಹೋಯ್ತು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ 1300ಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ, ನಿಧಾನಕ್ಕೆ 800ಕ್ಕೆ ಇಳಿಯುತ್ತೆ, ಮುಳ್ಳು ಅಲುಗಾಡಲ್ಲ. ಟ್ರಿಮ್ ಕೂಡಿಸಿದ್ರೆ ಐಡಲ್‌ನಲ್ಲಿ +3, ರೇಸ್‌ನಲ್ಲಿ +2. ಕೋಡ್ ಇಲ್ಲ. ಸಣ್ಣಗೆ ಒಂದು ಕಂಪನ ಮಾತ್ರ ಸೀಟಿನಲ್ಲಿ ಇನ್ನೂ ಇದೆ, ಮೊದಲಿನಷ್ಟಲ್ಲ, ಸೈಲೆನ್ಸರ್ ಆವಾಜ್ ಮಾತ್ರ ಒಂದೇ ಸಮ ಇದೆ.

ಎಣ್ಣೀ_ಕೈ:
ಆರ್‌ಪಿಎಂ ಮುಳ್ಳು ಗಟ್ಟಿ ನಿಂತೈತಿ, ಸೈಲೆನ್ಸರ್ ಸೌಂಡ್ ಒಂದ ಸಮ ಐತಿ, ಆದ್ರೂ ಸೀಟ್ ನಡಗತೈತಿ ಅಂದ್ರ ಎಂಜಿನ್ ಮೌಂಟಿಂಗ್ ರೀ. ಇಪ್ಪತ್ತು ವರ್ಷದ ರಬ್ಬರ್ ಅದೂ. ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ತುಳಿದು, ಮೊದಲ ಗೇರ್‌ನ್ಯಾಗ ಕ್ಲಚ್ ಒಂಚೂರ ಬಿಟ್ಟು ಹಿಡೀರಿ, ಇನ್ನೊಬ್ಬರು ಬಾನೆಟ್ ತಗದು ಪಕ್ಕಕ್ಕ ನಿಂತು ಎಂಜಿನ್ ಎಷ್ಟು ಹೊಳ್ಳತೈತಿ ನೋಡ್ಲಿ. ಗಾಡಿ ಮುಂದ ಮಾತ್ರ ಯಾರೂ ನಿಂದರಬ್ಯಾಡ್ರಿ.

ಚೋಕ್_ಎಳಿ:
ಸ್ಪ್ಯಾನರ್ ಸರ್, ನೀವು ಹೇಳಿದ ಹಾಗೆ ನೋಡ್ದೆ. ನಾಬ್ ಪೂರ್ತಿ ಎಳೆದ್ರೂ ಫ್ಲಾಪ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಚ್ತಿತ್ತು ಅಷ್ಟೆ. ಕಾರ್ಬುರೇಟರ್ ಹತ್ರ ಕೇಬಲ್‌ನ ಹೊರಗಿನ ಕೊಳವೆ ಹಿಡಿದಿರೋ ಕ್ಲಾಂಪ್ ಸ್ಕ್ರೂ ಸಡಿಲ ಆಗಿತ್ತು, ಎಳೆದಾಗ ಒಳಗಿನ ತಂತಿ ಜೊತೆ ಕೊಳವೇನೂ ಜಾರ್ತಾ ಇತ್ತು. ಹಿಂದಕ್ಕೆ ಎಳೆದು ಬಿಗಿ ಮಾಡ್ದೆ, ಈಗ ಪೂರ್ತಿ ಮುಚ್ಚುತ್ತೆ, ಬೆಳಿಗ್ಗೆ ಆಫ್ ಆಗ್ತಾ ಇಲ್ಲ. ಆದ್ರೆ ಚೋಕ್ ಎಳೆದಾಗ ಆರ್‌ಪಿಎಂ ವಿಪರೀತ ಏರ್ತಾ ಇದೆ, ಕಿರುಚುತ್ತೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಇಳಿಸ್ಲಾ?

ಹತ್ತರ_ಸ್ಪ್ಯಾನರ್:
ಬೇಡ ಬೇಡ, ಮಿಕ್ಸ್ಚರ್ ಮುಟ್ಬೇಡಿ. ಕೇಬಲ್ ಜಾರ್ತಿದ್ದಾಗ ಯಾರೋ ಫಾಸ್ಟ್ ಐಡಲ್ ಸ್ಕ್ರೂ ತಿರುಗಿಸಿ ಹೇಗೋ ಹೊಂದಿಸಿಟ್ಟಿರ್ತಾರೆ. ಚೋಕ್ ಲಿವರ್ ತಿರುಗಿದಾಗ ಥ್ರಾಟಲನ್ನ ಸ್ವಲ್ಪ ತಳ್ಳೋ ಒಂದು ಕ್ಯಾಮ್ ಇರುತ್ತೆ ನೋಡಿ, ಅದಕ್ಕೆ ತಾಗೋ ಸ್ಕ್ರೂನೇ ಅದು. ಚೋಕ್ ಒಳಗೆ ತಳ್ಳಿದಾಗ ಆ ಸ್ಕ್ರೂಗೂ ಕ್ಯಾಮ್‌ಗೂ ಮಧ್ಯೆ ಸಣ್ಣ ಸಂದಿ ಇರ್ಬೇಕು, ಇಲ್ದಿದ್ರೆ ಬಿಸಿ ಆದ್ಮೇಲೂ ಐಡಲ್ ಇಳಿಯಲ್ಲ. ಕಾಲು ಸುತ್ತು ಬಿಚ್ಚಿ ನೋಡಿ, ಮತ್ತೆ ಕಾಲು ಸುತ್ತು, ಮ್ಯಾನುವಲ್‌ನಲ್ಲಿ ಕೊಟ್ಟಿರೋ ಆರ್‌ಪಿಎಂಗೆ ಬಂದಾಗ ಲಾಕ್ ನಟ್ ಬಿಗಿ ಮಾಡಿ.